ಕೆನ್ನೆ ಮೇಸ್ತ್ರಿಯ ಲಿವರ್

ನನ್ನ ಸೋದರಮಾವನದು ಗಂಡೆದೆ ಎಂದು ಗಾಜಿನ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಲುಮೆಯ ಬಾಯಿಗೆ ಅಷ್ಟು ಹತ್ತಿರ ನಿಂತು ರೆಪ್ಪೆ ಮಿಟುಕಿಸದ ಮನುಷ್ಯ ಇನ್ನೊಬ್ಬನಿಲ್ಲವಂತೆ. ಕಾದ ಗಾಜು ತೊಡೆಯ ಮೇಲೆ ಬಿದ್ದು ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕೈಯಲ್ಲಿದ್ದ ಪಾತ್ರೆ ಮುಗಿಸಿಯೇ ಕೂತರಂತೆ. ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ ಈಗ ಅದು ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತದೆ. ಹೇಳುವವರಲ್ಲಿ ಮೊದಲಿಗರು ಅವರೇ. ಅಂಥ ಮನುಷ್ಯ ನನ್ನ ಅಮ್ಮನನ್ನು ಹೇಗೆ ಸಾಯಲು ಬಿಟ್ಟರು ಎನ್ನುವುದನ್ನು ಬರೆಯುತ್ತಿದ್ದೇನೆ. ಚೆಂದ ಮಾಡಿ ಬರೆಯುವ ಉದ್ದೇಶ ನನಗಿಲ್ಲ.

ಕಾರ್ಖಾನೆಯಲ್ಲಿ ಅವರಿಗೆ ಕೆನ್ನೆ ಮೇಸ್ತ್ರಿ ಎಂದು ಹೆಸರು. ವರ್ಷಗಟ್ಟಲೆ ಊದಿ ಊದಿ ಕೆನ್ನೆಗಳು ಸಡಿಲವಾಗಿವೆ. ಊದುವಾಗ ಎರಡೂ ಕಡೆ ಕಪ್ಪೆಯ ಗಂಟಲಿನಂತೆ ಉಬ್ಬುತ್ತವೆ, ಸುಮ್ಮನಿದ್ದಾಗ ಜೋತು ಬೀಳುತ್ತವೆ. ಅಲ್ಲಿ ತಯಾರಾಗುವುದು ಪ್ರಯೋಗಶಾಲೆಗಳಿಗೆ ಬೇಕಾಗುವ ಗುಂಡು ಹೊಟ್ಟೆಯ, ಉದ್ದ ಕತ್ತಿನ ಗಾಜಿನ ಪಾತ್ರೆಗಳು. ಯಂತ್ರಗಳು ಬಂದ ಮೇಲೂ ದೊಡ್ಡ ಅಳತೆಯವನ್ನು ಬಾಯಿಂದಲೇ ಊದಬೇಕು. ಒಂದು ಪಾತ್ರೆಗೆ ಮೂವರು. ಮೊದಲನೆಯವನು ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಸುತ್ತಿ ತೆಗೆದು ಸಣ್ಣದೊಂದು ಉಸಿರು ಕೊಡುತ್ತಾನೆ. ಎರಡನೆಯವನು ಅದನ್ನು ತಿರುಗಿಸುತ್ತಾ ಇನ್ನಷ್ಟು ಊದುತ್ತಾನೆ. ಕೊನೆಗೆ ಅದು ಮೇಸ್ತ್ರಿಯ ಬಾಯಿಗೆ ಬರುತ್ತದೆ. ಕೊಳವೆ ಒಂದೇ, ಬಾಯಿ ಮೂರು.

ಆ ಕೊಳವೆಯ ಬಾಯನ್ನು ಒರೆಸಬಾರದು ಎನ್ನುವುದು ಅಲ್ಲಿಯ ರೂಢಿ. ಒರೆಸುತ್ತಾ ನಿಂತರೆ ಗಾಜು ಆರುತ್ತದೆ ಎನ್ನುವುದು ಹೇಳಿಕೊಳ್ಳುವ ಕಾರಣ. ನಿಜವಾದ ಕಾರಣ ಗಂಡಸರ ಜಂಬ. ಒರೆಸಿದರೆ ಹಿಂದಿನವನ ಬಾಯಿ ಹೊಲಸು ಎಂದ ಹಾಗೆ. ಬೇರೆ ಕಾರ್ಖಾನೆಯಿಂದ ಬಂದ ನಡುವಯಸ್ಸಿನ ಕೆಲಸಗಾರನೊಬ್ಬ ಒಮ್ಮೆ ಅಂಗಿಯ ತೋಳಿನಿಂದ ಕೊಳವೆ ಒರೆಸಿದಾಗ ಮಾವ ಎಲ್ಲರ ಎದುರಿಗೆ, "ನಮ್ಮ ಎಂಜಲು ಸೇರಲ್ಲ ಅಂದ್ರೆ ಮನೇಲಿ ಕೂತು ಹಾಲು ಕುಡೀರಿ ಸ್ವಾಮಿ" ಎಂದರಂತೆ. ಆ ಮನುಷ್ಯ ವಾರ ತುಂಬುವ ಮೊದಲೇ ಕೆಲಸ ಬಿಟ್ಟ. ಇನ್ನೊಂದು ರೂಢಿಯೂ ಇದೆ. ಬಿಸಿ ಗಾಜಿರುವ ಕೊಳವೆಯನ್ನು ಕೈಗೆ ತೆಗೆದುಕೊಂಡವನು ಆಮೇಲೆ ಆಗುವುದಿಲ್ಲ ಎನ್ನುವಂತಿಲ್ಲ. ಕೆಮ್ಮು ಬರಲಿ, ಕೈ ಸುಡಲಿ, ಮುಗಿಸಿಯೇ ಇಳಿಸಬೇಕು. ಮಾವ ಈ ಎರಡನೆಯದನ್ನಾದರೂ ಕುಲುಮೆಯ ಹತ್ತಿರವೇ ಬಿಟ್ಟು ಮನೆಗೆ ಬರಬಹುದಿತ್ತು.

ಅಮ್ಮ ಅದೇ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿದ್ದಳು. ಪಾತ್ರೆಗಳನ್ನು ಬೆಳಕಿಗೆ ಹಿಡಿದು, ಗುಳ್ಳೆಯಿದ್ದವನ್ನು, ಗೀರು ಬಿದ್ದವನ್ನು ಬೇರೆ ಮಾಡಿ, ಉಳಿದವನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ. ಅಪ್ಪ ನಾನು ಮಾತು ಕಲಿಯುವ ಮೊದಲೇ ತೀರಿಕೊಂಡಿದ್ದರು. ಮಾವನ ಮನೆಯ ಎದುರಿಗೇ ಎರಡು ಕೋಣೆ ಹಿಡಿದು ತಾಯಿ ಮಗಳು ಇದ್ದೆವು. ನಾನು ಓದು ಮುಗಿಸಿ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ನಿಂತೆ. ಒಂದು ಚಳಿಗಾಲ ಅಮ್ಮನ ಕಣ್ಣು ಹಳದಿಗೆ ತಿರುಗಿತು, ಕಾಲು ಊದಿಕೊಂಡಿತು. ದೇಹ ತನ್ನದೇ ಲಿವರನ್ನು ಪರಕೀಯವೆಂದು ತಿಳಿದು ತಿನ್ನುವ ಕಾಯಿಲೆ. ಎಷ್ಟೋ ಕಾಲದಿಂದ ಸದ್ದಿಲ್ಲದೆ ನಡೆದಿತ್ತು, ಗೊತ್ತಾಗುವ ಹೊತ್ತಿಗೆ ಹೆಚ್ಚೇನೂ ಉಳಿದಿರಲಿಲ್ಲ.

"ಬೇರೆ ಲಿವರ್ ಹಾಕ್ಬೇಕು" ಎಂದರು ಡಾಕ್ಟರು. "ಸತ್ತವರದ್ದಕ್ಕೆ ಕಾಯ್ತಾ ಕೂತ್ರೆ ಇವರ ಸರದಿ ಬರೋ ಹೊತ್ತಿಗೆ ಇವರೇ ಇರಲ್ಲ. ಮನೆಯವರಲ್ಲಿ ಯಾರಾದ್ರೂ ತಮ್ಮದರಲ್ಲಿ ಒಂದು ತುಂಡು ಕೊಡ್ಬೇಕು. ಕೊಟ್ಟವರದ್ದು ಮತ್ತೆ ಬೆಳೆಯುತ್ತೆ. ಆದ್ರೆ ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ."

ರಕ್ತದ ಗುಂಪು ಹೊಂದಿದ್ದು ಇಬ್ಬರದು, ಮಾವನದು ಮತ್ತು ನನ್ನದು. ನಾನು ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತರು. "ನಾನಿರೋವಾಗ ಈ ಮಗೂನ ಯಾಕೆ ಕೊಯ್ತೀರಿ? ನಂದು ತಗೊಳ್ಳಿ. ಬೇಕಾದ್ರೆ ಪೂರ್ತಿ ತಗೊಳ್ಳಿ!" ಅಮ್ಮ ಅವರ ಕೈ ಹಿಡಿದುಕೊಂಡು ಅತ್ತಳು. ಅತ್ತೆ ಗಂಡನ ಮುಖವನ್ನೊಮ್ಮೆ ನೋಡಿದರು. ಸಂಜೆಯೊಳಗೆ ಕಾರ್ಖಾನೆಗೆಲ್ಲ ಸುದ್ದಿ ಮುಟ್ಟಿತು. ತಂಗಿಗೆ ಕರುಳು ಬಗೆದು ಕೊಡುವ ಅಣ್ಣ ಎಂದು ಬಂದವರು ಹೋದವರೆಲ್ಲ ಕೊಂಡಾಡಿದರು, ಮಾವ ಕೆನ್ನೆ ಉಬ್ಬಿಸಿ ಕೇಳಿಸಿಕೊಂಡರು.

ಪರೀಕ್ಷೆಗೆ ಹೋದಾಗ ಡಾಕ್ಟರು ಸ್ಕ್ಯಾನಿನ ಚಿತ್ರ ನೋಡಿ ಕೇಳಿದ ಮೊದಲ ಪ್ರಶ್ನೆ, "ಕುಡೀತೀರಾ?"

"ಒಂದು ತೊಟ್ಟೂ ಮುಟ್ಟಿದೋನಲ್ಲ."

ಅದು ನಿಜ. ನನ್ನ ಮಾವನ ಮೇಲೆ ಸುಮ್ಮಸುಮ್ಮನೆ ಆರೋಪ ಹೊರಿಸುವವಳಲ್ಲ ನಾನು. ಆದರೂ ಲಿವರ್ ತುಂಬ ಕೊಬ್ಬು. ಇಂಥದರಿಂದ ತುಂಡು ತೆಗೆದರೆ ಕೊಟ್ಟವರಿಗೂ ಅಪಾಯ, ಹಾಕಿಸಿಕೊಂಡವರಲ್ಲೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದರು ಡಾಕ್ಟರು. ಆಮೇಲೆ ಹೊಟ್ಟೆಯ ಸುದ್ದಿ ಬಂತು. ಮಾವನಿಗೆ ಹೊಟ್ಟೆಯುರಿ ಹಳೆಯ ಸಂಗಾತಿ. ಸಾಲು ತೇಗು, ಖಾಲಿ ಹೊಟ್ಟೆಯಲ್ಲಿ ಒಳಗೆ ಯಾರೋ ಉಗುರಿನಿಂದ ಕೆರೆದ ಹಾಗೆ ನೋವು. ಏನಾದರೂ ಹೊಟ್ಟೆಗೆ ಬಿದ್ದರೆ ತಣ್ಣಗಾಗುತ್ತದೆ. ಹಾಗಾಗಿ ಕುಲುಮೆಯ ಪಕ್ಕದ ಕಟ್ಟೆಯ ಮೇಲೆ ಬಿಸ್ಕತ್ತಿನ ಡಬ್ಬಿ, ಸಿಹಿ ಸೋಡಾದ ಬಾಟಲಿಗಳು ಸದಾ ಇರುತ್ತಿದ್ದವು.

ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ಏನೋ ದ್ರಾವಣ ಕುಡಿಸಿ, ಒಂದು ಚೀಲ ಕೊಟ್ಟು ಊದಿ ಎಂದರು. ಮೇಸ್ತ್ರಿಗೆ ಊದಲು ಹೇಳಬೇಕೇ! ಚೀಲ ಪಟ್ಟೆಂದು ಒಡೆದು ನರ್ಸ್ ಬೆಚ್ಚಿಬಿದ್ದಳು. ಎರಡನೆಯ ಚೀಲಕ್ಕೆ, "ಮೆಲ್ಲಗೆ ಊದಿ ಅಂಕಲ್, ಇದು ಗಾಜಲ್ಲ" ಎಂದಳು. ನಾವೆಲ್ಲ ನಕ್ಕೆವು, ಅಮ್ಮ ಎಲ್ಲರಿಗಿಂತ ಹೆಚ್ಚು ನಕ್ಕಳು. ಬ್ಯಾಕ್ಟೀರಿಯಾ ಇತ್ತು.

"ಅಂದ್ರೆ ಈ ಕ್ರಿಮಿಯಿಂದಲೇ ಕೊಬ್ಬು?" ಮಾವ ಕೇಳಿದರು. ಆ ಪ್ರಶ್ನೆ ಕೇಳುವಾಗ ಅವರ ಮುಖದಲ್ಲಿ ಕಾಣಿಸಿದ ನಿರಾಳ ನನಗೆ ಆಗ ಅರ್ಥವಾಗಲಿಲ್ಲ.

"ಹಾಗೆ ನೇರವಾಗಿ ಹೇಳೋಕಾಗಲ್ಲ" ಎಂದರು ಡಾಕ್ಟರು. "ಇದು ಇರೋರಲ್ಲಿ ಫ್ಯಾಟಿ ಲಿವರ್ ಸ್ವಲ್ಪ ಜಾಸ್ತಿ ಕಾಣುತ್ತೆ ಅಂತ ಕೆಲವು ಅಧ್ಯಯನ ಹೇಳ್ತವೆ, ಕೆಲವು ಇಲ್ಲ ಅಂತವೆ. ಹೊಟ್ಟೇಲಿ ಸದಾ ಉರಿಯೂತ ಇದ್ರೆ ಅದು ಅಲ್ಲಿಗೇ ನಿಲ್ಲಲ್ಲ, ಮೈ ಸಕ್ಕರೆ ಕೊಬ್ಬನ್ನ ಬಳಸೋ ರೀತೀನೂ ಕೆಡಬಹುದು ಅನ್ನೋ ಊಹೆ ಇದೆ. ಸಾಬೀತಾಗಿಲ್ಲ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗೋದೇ ಬೇಡ. ಉರಿ ಆರಿಸೋಕೆ ಅಂತ ದಿನವಿಡೀ ಸಿಹಿ ಸುರ್ಕೊಂಡಿದ್ದೀರಿ. ಅದೆಲ್ಲ ಲಿವರಲ್ಲಿ ಕೂತಿದೆ. ಮಾತ್ರೆ ತಗೊಂಡು ಕ್ರಿಮಿ ಕೊಲ್ಲಿ, ಸಿಹಿ ಬಿಡಿ, ನಡೀರಿ. ಕೊಬ್ಬು ಇಳಿಯುತ್ತೆ."

ಆ ಕ್ರಿಮಿ ಬಾಯಿಂದ ಬಾಯಿಗೆ ಹರಡಬಹುದು, ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಬಂದಿರುತ್ತದೆ ಎಂದೂ ಹೇಳಿದರು. ಮೂರು ಬಾಯಿಯ ಕೊಳವೆಯ ಸಂಗತಿ ಕೇಳಿ ಅವರ ಪೆನ್ನು ನಿಂತಿತು. "ಒರೆಸೋದೂ ಇಲ್ವಾ?" ಮಾವ ಮುಖ ಗಂಟಿಕ್ಕಿದರು. ಮರುದಿನ ಕಾರ್ಖಾನೆಯಲ್ಲಿ ಬೇರೆ ಕೊಳವೆ ತೆಗೆದುಕೊಳ್ಳುವ ಬದಲು ಅದೇ ಕೊಳವೆಯನ್ನು ಊದಿದರು. ಇದು ಹರಡಬಹುದೆಂದು ಉಳಿದಿಬ್ಬರ ಹತ್ತಿರ ಬಾಯಿ ಬಿಡಲಿಲ್ಲ.

ಆ ಪರೀಕ್ಷೆಗಳ ನಡುವೆ ಒಂದು ದಿನ ಡಾಕ್ಟರು ಮಾವನೊಬ್ಬರನ್ನೇ ಒಳಗೆ ಕೂರಿಸಿಕೊಂಡು ಮಾತಾಡಿದ್ದರು. ಒಳಗೆ ನಡೆದದ್ದು ನಮಗೆ ಗೊತ್ತಾಗುವ ಹಾಗೇ ಇರಲಿಲ್ಲ, ಮಾವನೇ ಭಾನುವಾರ ಊಟಕ್ಕೆ ಕೂತಾಗ ಡಂಗುರ ಸಾರಿದರು.

"ನನ್ನ ಒಬ್ಬನ್ನೇ ಕರೆದು ಏನಂದ ಗೊತ್ತಾ ಆ ಡಾಕ್ಟರು? ನಿಮಗೆ ಮನಸ್ಸಿಲ್ಲ ಅಂದ್ರೆ ಈಗ್ಲೇ ಹೇಳಿ, ಕಾರಣ ನಾವು ಯಾರಿಗೂ ಹೇಳಲ್ಲ, ನಿಮ್ಮದು ಹೊಂದಲ್ಲ ಅಂತಷ್ಟೇ ಮನೆಯವರಿಗೆ ತಿಳಿಸ್ತೀವಿ ಅಂದ. ನಾನು ಕೇಳ್ದೆ, ಸ್ವಾಮಿ, ನನ್ನ ಯಾರು ಅಂದ್ಕೊಂಡಿದ್ದೀರಿ? ಮುಖ ಇಷ್ಟು ಮಾಡ್ಕೊಂಡ!"

ಅಮ್ಮ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಅತ್ತೆ ಊಟದ ತಟ್ಟೆಯನ್ನೇ ನೋಡುತ್ತಿದ್ದರು. ಡಾಕ್ಟರು ಅವರಿಗೆ ಬಾಗಿಲು ತೆರೆದು, ಯಾರೂ ನೋಡದ ಹಾಗೆ ಹೊರಟುಹೋಗಿ ಎಂದಿದ್ದರು. ಹೋಗಿದ್ದರೆ ಆವತ್ತೇ ಸರದಿ ನನ್ನದಾಗುತ್ತಿತ್ತು. ನನಗೆ ಹೊಟ್ಟೆಯುರಿಯೂ ಇರಲಿಲ್ಲ, ಸಿಹಿಯ ಚಟವೂ ಇರಲಿಲ್ಲ. ಮಾವ ಹೋಗಲಿಲ್ಲ. ಬಾಗಿಲಿಗೆ ಅಡ್ಡ ನಿಂತರು, ಮೀಸೆ ತಿರುವುತ್ತಾ.

ಮಾತ್ರೆಗಳನ್ನು ನಮ್ಮ ಅಂಗಡಿಯಿಂದ ನಾನೇ ತಂದುಕೊಟ್ಟೆ. ಅರ್ಧಕ್ಕೆ ಬಿಡಬಾರದು, ಬಿಟ್ಟರೆ ಕ್ರಿಮಿ ಸಾಯುವುದಿಲ್ಲ, ಮುಂದಿನ ಸಲ ಅದೇ ಮಾತ್ರೆ ಕೆಲಸ ಮಾಡದೆಯೂ ಹೋಗಬಹುದು ಎಂದು ಬಿಡಿಸಿ ಹೇಳಿದೆ. ಮೊದಲ ಕೆಲವು ದಿನ ನುಂಗಿದರು. ಆಮೇಲೆ ನಾಲಗೆಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಕಹಿ, ಊದಲು ಆಗುತ್ತಿಲ್ಲ ಎಂದು ನಿಲ್ಲಿಸಿದರು. ನಮಗೆ ಹೇಳಲಿಲ್ಲ. ಹಾಸಿಗೆ ಕೊಡವುವಾಗ ಅತ್ತೆಗೆ ಮಾತ್ರೆಗಳು ಸಿಕ್ಕಿದವು, ಅವರೂ ಅದನ್ನು ನನಗೆ ಹೇಳಿದ್ದು ಎಷ್ಟೋ ದಿನಗಳಾದ ಮೇಲೆ. ಉರಿ ಮತ್ತೆ ಬಂತು, ಬಿಸ್ಕತ್ತು ಬಂತು, ಸೋಡಾ ಬಂತು. ಮನೆಯಲ್ಲಿ ಮಾತ್ರ ಬೇಯಿಸಿದ ತರಕಾರಿಯನ್ನು ನಮ್ಮ ಕಣ್ಣೆದುರು ತಿಂದು, ಹೊಟ್ಟೆ ಸವರಿಕೊಂಡು, "ಕರಗ್ತಾ ಇದೆ ಕಣೆ" ಎಂದು ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ ಹಳದಿ ಕಣ್ಣು ಅರಳಿಸಿ, "ಹೂಂ, ಮುಖ ಸಣ್ಣಗಾಗಿದೆ" ಎನ್ನುತ್ತಿದ್ದಳು. ಆ ಕೆನ್ನೆ ಎಲ್ಲಿ ಸಣ್ಣಗಾಗಬೇಕು!

ಎರಡನೆಯ ಸ್ಕ್ಯಾನಿನಲ್ಲಿ ಕೊಬ್ಬು ಇಳಿದಿರಲಿಲ್ಲ, ಒಂದಿಷ್ಟು ಏರಿತ್ತು. ಡಾಕ್ಟರಿಗೆ ಸಿಟ್ಟು ಬಂತು. "ಮಗಳದ್ದು ನೋಡೋಣ, ಇನ್ನು ಕಾಯೋದು ಬೇಡ" ಎಂದರು. ಅಮ್ಮ ತಲೆ ಅಲ್ಲಾಡಿಸಿದಳು. "ನನ್ನಣ್ಣ ಕೊಡ್ತೀನಿ ಅಂದಿದ್ದಾನೆ. ಇನ್ನೊಂದು ಅವಕಾಶ ಕೊಡಿ ಅವನಿಗೆ. ಕ್ರಿಮಿ ಇದ್ರೆ ಅವನೇನು ಮಾಡ್ತಾನೆ ಪಾಪ." ಪಕ್ಕದಲ್ಲಿದ್ದ ಮಾವ, "ಆ ಕ್ರಿಮಿ ಬಿಡ್ತಾ ಇಲ್ಲ ಡಾಕ್ಟ್ರೆ, ಇಲ್ಲಾಂದ್ರೆ ಇಷ್ಟೊತ್ತಿಗೆ..." ಎಂದು ನಿಟ್ಟುಸಿರು ಬಿಟ್ಟರು. ಕಣ್ಣಿಗೆ ಕಾಣದ ಜೀವಿಯ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ! ಅದು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ.

ನಾನು ಮರುದಿನ ಊಟದ ಬಿಡುವಿನಲ್ಲಿ ಕಾರ್ಖಾನೆಗೆ ಹೋದೆ. ಮಾವ ಕುಲುಮೆಯ ಹಿಂದಿನ ಇದ್ದಿಲ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ, ಸೋಡಾ ಬಾಟಲಿಯನ್ನು ಬಾಯಿಗೆ ಎತ್ತಿ ಹಿಡಿದಿದ್ದರು. ಗುಟುಕು ಗುಟುಕಾಗಿ ಅಲ್ಲ, ಔಷಧಿ ಕುಡಿಯುವವರ ಹಾಗೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ. ಆ ಕ್ಷಣ ನನಗೆ ಎಲ್ಲವೂ ಗೊತ್ತಾಗಿಹೋಯಿತು. ಅವರು ಉರಿ ಆರಿಸಲು ಕುಡಿಯುತ್ತಿರಲಿಲ್ಲ, ಕೊಬ್ಬು ಉಳಿಸಿಕೊಳ್ಳಲು ಕುಡಿಯುತ್ತಿದ್ದರು.

"ಮಾವ" ಎಂದೆ. ಬಾಟಲಿ ಕೈಜಾರಿ ಬಿತ್ತು.

"ಉರಿ ತಡೆಯೋಕಾಗ್ಲಿಲ್ಲ ಪುಟ್ಟಾ, ಒಂದೇ ಒಂದು..."

"ನಿಮಗೆ ಹೆದರಿಕೆ. ಹೆದರಿಕೆ ಇದ್ರೆ ತಪ್ಪಲ್ಲ ಮಾವ. ಹೊಟ್ಟೆ ಕೊಯ್ತಾರೆ ಅಂದ್ರೆ ಯಾರಿಗಾದ್ರೂ ಹೆದರಿಕೆ ಆಗುತ್ತೆ. ಅಮ್ಮನ ಹತ್ರ ಬಂದು ಆಗಲ್ಲ ಅಂತ ಒಂದು ಮಾತು ಹೇಳಿ. ಒಂದೇ ಮಾತು. ನಾನು ಕೊಡ್ತೀನಿ."

ಅವರ ಕೆನ್ನೆ ಅದುರಿತು. ಹೇಳುತ್ತಾರೆ ಎಂದೇ ಅಂದುಕೊಂಡೆ. ಅಷ್ಟರಲ್ಲಿ ಊಟ ಮುಗಿಸಿದ ಇಬ್ಬರು ಕೆಲಸಗಾರರು ಕುಲುಮೆಯ ಹತ್ತಿರ ಬಂದರು, ಒಬ್ಬ ನಮ್ಮ ಕಡೆ ನೋಡಿ ಕೈ ಎತ್ತಿದ. ಮಾವ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹಿಡಿದ ಕೊಳವೆ ಕೆಳಗಿಟ್ಟೋನಲ್ಲ ನಾನು" ಎಂದು ಅವರಿಗೂ ಕೇಳಿಸುವ ಹಾಗೆ ಹೇಳಿದರು. "ನಾಳೆ ಮದುವೆಯಾಗೋ ಹುಡುಗಿ, ನಿನ್ನ ಹೊಟ್ಟೆ ಮೇಲೆ ಕತ್ತಿ ಆಡಿಸೋಕೆ ಬಿಡ್ತೀನಾ? ಹೋಗು ಹೋಗು."

"ಪುಕ್ಕಲ" ಎಂದೆ ನಾನು, ಕೈಲಾದಷ್ಟು ಗಟ್ಟಿಯಾಗಿ. ಕುಲುಮೆಯ ಸದ್ದಿನಲ್ಲಿ ಅದು ಮಾವನೊಬ್ಬರಿಗೇ ಕೇಳಿಸಿತು.

ಮನೆಗೆ ಬಂದು ಅಮ್ಮನಿಗೆ ಒಂದೂ ಬಿಡದೆ ಹೇಳಿದೆ. ಅವಳು ಹಾಸಿಗೆಯ ಮೇಲೆ ಎದ್ದು ಕೂತಳು. ಹೊಟ್ಟೆಯಲ್ಲಿ ನೀರು ತುಂಬಿ, ಕೂರುವುದೇ ಒಂದು ಸಾಹಸವಾಗಿತ್ತು ಆಗ. "ನನ್ನಣ್ಣನ ಬಗ್ಗೆ ಇನ್ನೊಂದು ಮಾತಾಡಿದ್ರೆ ನಾಲಗೆ ಸೀಳಿಬಿಡ್ತೀನಿ" ಎಂದಳು. ನಾನು ಡಾಕ್ಟರ ಕಾಲು ಹಿಡಿದೆ. ರೋಗಿಯ ಒಪ್ಪಿಗೆ ಇಲ್ಲದೆ ಏನೂ ಮಾಡುವಂತಿಲ್ಲ ಎಂದರು. ಅತ್ತೆಯ ಹತ್ತಿರ ಹೋದೆ. ಅತ್ತೆ ಬಟ್ಟೆ ಹಿಂಡುತ್ತಾ, "ನಾನು ಹೇಳಿದ್ರೆ ನನ್ನ ಕೊಂದೇಬಿಡ್ತಾರೆ ಕಣಮ್ಮ. ಅವರಿಗೆ ಜೀವಕ್ಕಿಂತ ಹೆಸರು ದೊಡ್ಡದು" ಎಂದರು. ಯಾರ ಜೀವಕ್ಕಿಂತ ಎಂದು ನಾನು ಕೇಳಲಿಲ್ಲ.

ಮೂರನೆಯ ಸ್ಕ್ಯಾನಿನ ದಿನ ಮಾವ ಬರಲೇ ಇಲ್ಲ. ಹೊಟ್ಟೆ ಹಿಡಿದುಕೊಂಡಿದೆ ಎಂದು ಹೇಳಿಕಳಿಸಿದರು. ಅದೇ ವಾರ ಅಮ್ಮನಿಗೆ ಜ್ವರ ಏರಿತು. ಸೋಂಕು ರಕ್ತಕ್ಕೆ ಇಳಿದಿತ್ತು, ಇನ್ನು ಯಾರು ಕೊಟ್ಟರೂ ಹಾಕುವ ಹಾಗಿಲ್ಲ ಎಂದರು. ಅಮ್ಮ ಅರ್ಧ ಹೊತ್ತು ಏನೇನೋ ಬಡಬಡಿಸುತ್ತಿದ್ದಳು, ನನ್ನ ಗುರುತೂ ಹಿಡಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಕಣ್ಣು ತಿಳಿಯಾಯಿತು. ಆಸ್ಪತ್ರೆಯ ಆಯಾ ನೆಲ ಒರೆಸಿ ಹೋಗಿದ್ದಳು, ಕೋಣೆಯಲ್ಲಿ ಫಿನಾಯಿಲಿನ ಘಾಟು. ಅಮ್ಮ ನನ್ನ ಕೈ ಹಿಡಿದು, "ಅಣ್ಣನ ಮೇಲೆ ಹಗೆ ಇಟ್ಕೋಬೇಡ" ಎಂದಳು.

"ಅವರು ಕೊಡೋರೇ ಅಲ್ಲ ಅಮ್ಮ. ನಿನಗೆ ಹೇಳಿದ್ದೆ ನಾನು."

"ಗೊತ್ತಿತ್ತು. ಮೊದಲನೇ ದಿನ ಎದ್ದು ನಿಂತು ಕೊಡ್ತೀನಿ ಅಂದ್ನಲ್ಲ, ಆಗ್ಲೇ ಅವನ ಕಾಲು ನಡುಗ್ತಿತ್ತು. ಒಟ್ಟಿಗೆ ಬೆಳೆದಿದ್ದೀವಿ, ನನಗೆ ತಿಳಿಯಲ್ವಾ?"

"ಮತ್ತೆ ಯಾಕೆ ಕಾದೆ?"

"ಅವನು ಆಗಲ್ಲ ಅಂದಿದ್ರೆ ನೀನು ಬಿಡ್ತಿದ್ಯಾ ನನ್ನ? ನಿನ್ನ ಹಟ ನಂಗೊತ್ತಿಲ್ವಾ? ನೀನೇ ಹೋಗಿ ಮಲಗಿಬಿಡ್ತಿದ್ದೆ ಆ ಆಪರೇಶನ್ ಮೇಜಿನ ಮೇಲೆ. ಅವನು ಹೂಂ ಹೂಂ ಅಂತಿರೋ ತನಕ ನಿನ್ನ ಯಾರೂ ಮುಟ್ಟೋಕಾಗಲ್ಲ." ಹೊದಿಕೆ ಎಳೆದುಕೊಂಡು, "ಪಾಪ, ಅವನಿಗೆ ಹೇಳು. ಅವನಿಂದ ನಂಗೆ ಉಪಕಾರವೇ ಆಯ್ತು ಅಂತ ಹೇಳು" ಎಂದಳು.

ಅವಳನ್ನು ತಬ್ಬಿಕೊಳ್ಳಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇಬ್ಬರೂ ಸೇರಿ ನನ್ನ ಕೈ ಕಟ್ಟಿಹಾಕಿದ್ದರು, ಒಬ್ಬರು ಹೆದರಿಕೆಯಿಂದ, ಒಬ್ಬಳು ಪ್ರೀತಿಯಿಂದ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಮ್ಮ ಮರುದಿನ ಬೆಳಿಗ್ಗೆ ಹೋದಳು.

ಕಾರ್ಖಾನೆಗೆ ರಜೆ ಕೊಟ್ಟರು. ಬಂದವರೆಲ್ಲ ಮೊದಲು ಮಾವನ ಹೆಗಲು ಮುಟ್ಟಿ, ಆಮೇಲೆ ನನ್ನ ಹತ್ತಿರ ಬಂದರು. "ಪಾಪ, ಕೊಡೋಕೆ ತುದಿಗಾಲಲ್ಲಿ ನಿಂತಿದ್ರು, ಆ ಕ್ರಿಮಿ ಬಿಡಲಿಲ್ಲ" ಎಂದರು. ಮಾವ ಬಂದವರಿಗೆಲ್ಲ ಕೈ ಮುಗಿದರು. ಆದರೆ ಅಂದಿನಿಂದ ಮನುಷ್ಯ ಇಳಿಯುತ್ತಾ ಬಂದರು. ಸಿಹಿ ಕಂಡರೆ ವಾಂತಿ ಬರುತ್ತಿತ್ತಂತೆ. ಡಾಕ್ಟರು ಬರೆದುಕೊಟ್ಟ ಹೊಸ ಮಾತ್ರೆಗಳನ್ನು ಒಂದೂ ತಪ್ಪದೆ ನುಂಗಿದರಂತೆ. ಇದನ್ನೆಲ್ಲ ಅತ್ತೆ ಹೇಳಿದ್ದು, ನಾನು ಆ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಅವರೇ ಬಂದರು. ನಾನು ಅಂಗಡಿಗೆ ಹೊರಟಿದ್ದೆ. ಕೆನ್ನೆಗಳು ಗಲ್ಲದ ತನಕ ಜೋತಿದ್ದವು, ಅಂಗಿ ಬೇರೆಯವರದೆಂಬಂತೆ ನೇತಾಡುತ್ತಿತ್ತು. ಬಾಗಿಲಲ್ಲೇ ನಿಂತು ಹೇಳಿದರು.

"ನಿನ್ನೆ ಸ್ಕ್ಯಾನ್ ಆಯ್ತು ಪುಟ್ಟಾ. ಕ್ರಿಮೀನೂ ಇಲ್ಲ, ಕೊಬ್ಬೂ ಇಲ್ಲ. ಈಗ ಕೊಡಬಹುದಿತ್ತು ಅಂದ್ರು ಡಾಕ್ಟ್ರು. ನಗ್ತಾ ಅಂದ್ರು, ಅವರಿಗೆ ನೆನಪಿಲ್ಲ ಅನ್ಸುತ್ತೆ." ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಂಗೆ ಹೆದರಿಕೆ ಇತ್ತು. ನೀನು ಹೇಳಿದ್ದು ಸರಿ. ಬಾಯಿ ತನಕ ಬಂದಿತ್ತು, ಹೇಳೋಕಾಗ್ಲಿಲ್ಲ. ಒಂದೇ ಒಂದು ಹೇಳಮ್ಮ. ಅವಳಿಗೆ ಗೊತ್ತಾಗಿತ್ತಾ? ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

ಅಮ್ಮ ಕೊಟ್ಟುಹೋದ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಆ ಮುದುಕ ಆವತ್ತಾದರೂ ನೆಮ್ಮದಿಯಾಗಿ ಒಂದು ತುತ್ತು ತಿನ್ನುತ್ತಿದ್ದರು.

"ಏನೂ ಗೊತ್ತಾಗಿರಲಿಲ್ಲ ಮಾವ" ಎಂದೆ. "ಕೊನೇ ಉಸಿರಿನ ತನಕ ಬಾಗಿಲ ಕಡೆಗೇ ನೋಡ್ತಿದ್ಲು. ನನ್ನಣ್ಣ ಬರ್ತಾನೆ, ಬಂದೇ ಬರ್ತಾನೆ ಅಂತಿದ್ಲು."

ಮಾವ ಹೊಸ್ತಿಲ ಮೇಲೆ ಕುಸಿದು ಕೂತರು. ನನಗೆ ಅಂಗಡಿಗೆ ಹೊತ್ತಾಗಿತ್ತು, ಅವರನ್ನು ದಾಟಿಕೊಂಡು ಹೋದೆ.